ಷಡ್ಡಕನ ಕರೆಂಟು ಕಾರು

ಬಿಷ್ಕೆಕ್ಕಿನ ಕಾರು ಬಜಾರಿನಲ್ಲಿ ಶಾಯ್ಲೋಬೆಕ್ ಎಂದು ಕೇಳಿದರೆ ಯಾರಿಗೂ ತಟ್ಟನೆ ಗೊತ್ತಾಗುತ್ತಿರಲಿಲ್ಲ. ಹೈಬ್ರಿಡ್ ಶಾಯ್ಲೋ ಅನ್ನಬೇಕಿತ್ತು. ಆ ಹೆಸರು ಅವನಿಗೆ ಪುಕ್ಕಟೆ ಬಂದದ್ದಲ್ಲ. ಒಂದೇ ಕಾರಿನೊಳಗೆ ಪೆಟ್ರೋಲ್ ಎಂಜಿನ್ನೂ ಬ್ಯಾಟರಿಯೂ ಜೊತೆಗಿರುತ್ತವೆ ಎಂದರೆ ಜನ ನಗುತ್ತಿದ್ದ ಕಾಲದಲ್ಲಿ ಅವನು ಜಪಾನಿನ ಹಳೆಯ ಬೂದುಬಣ್ಣದ ಹೈಬ್ರಿಡ್ ಒಂದನ್ನು ತಂದು ಸಾಲಿನಲ್ಲಿ ನಿಲ್ಲಿಸಿದ್ದ. ಆರು ವಾರ ಅದು ನಿಂತಲ್ಲೇ ನಿಂತಿತ್ತು. ಬಂದವರು ಬಾಗಿಲು ತೆಗೆದು ನೋಡಿ, "ಬ್ಯಾಟರಿ ಸತ್ತರೆ?" ಎಂದು ಕೇಳಿ ಮುಂದೆ ಹೋಗುತ್ತಿದ್ದರು.

ಏಳನೆಯ ವಾರ ಶಾಯ್ಲೋಗೆ ರೇಗಿತು. ಹಿಂದಿನ ಸೀಟು ಕಿತ್ತು, ಬ್ಯಾಟರಿ ಪೆಟ್ಟಿಗೆಯನ್ನು ಹೊರಗೆಳೆದು, ಎಲ್ಲರೆದುರು ಮೇಜಿನ ಮೇಲೆ ಬಿಚ್ಚಿಟ್ಟ. ಒಳಗೆ ಪುಸ್ತಕ ಜೋಡಿಸಿದ ಹಾಗೆ ಇಪ್ಪತ್ತೆಂಟು ತೆಳ್ಳನೆಯ ಬ್ಯಾಟರಿಗಳು.

"ಸತ್ತರೆ ಎಲ್ಲಾ ಒಟ್ಟಿಗೆ ಸಾಯಲ್ಲ ಕಣ್ರಪ್ಪ. ಒಂದೋ ಎರಡೋ ಸಾಯ್ತವೆ. ಅವನ್ನ ಕಿತ್ತು ಬೇರೆ ಹಾಕ್ತೀನಿ. ನಾನಿಲ್ವಾ?"

ಮೊದಲು ಟ್ಯಾಕ್ಸಿಯವರು ಬಂದರು. ಪೆಟ್ರೋಲು ಅರ್ಧಕ್ಕರ್ಧ ಉಳಿಯುತ್ತದೆ ಎಂದು ಅವರ ಬಾಯಿಂದಲೇ ಊರಿಗೆ ಗೊತ್ತಾಯಿತು. ಆಮೇಲೆ ಶಾಯ್ಲೋಗೆ ಬಿಡುವಿರಲಿಲ್ಲ. ಕೊಚ್ಕೋರಿನಲ್ಲಿ ಸಾಮೂಹಿಕ ಕೃಷಿ ಕೇಂದ್ರದ ಲಾರಿ ಓಡಿಸುತ್ತಿದ್ದವನ ಮಗ, ಒಂದು ಪೆಟ್ಟಿಗೆ ಸಲಕರಣೆ ಹೊತ್ತು ನಗರಕ್ಕೆ ಬಂದವನು, ನಲವತ್ತರ ಹೊತ್ತಿಗೆ ಬಜಾರಿನಲ್ಲಿ ಎರಡು ಕಂಟೇನರ್ ಅಂಗಡಿಗಳ ಒಡೆಯನಾದ. ಚಿಕ್ಕವರಿಗೆಲ್ಲ ಅವನು ಶಾಯ್ಲೋ ಬಾಯ್ಕೆ, ಅಂದರೆ ಶಾಯ್ಲೋ ಅಣ್ಣ. ಹೊಸದಾಗಿ ಹೈಬ್ರಿಡ್ ತಂದವರು ಮೊದಲು ಅವನ ಕೈಗೆ ಬ್ಯಾಟರಿ ತೋರಿಸಿ, ಅವನು ತಲೆಯಾಡಿಸಿದ ಮೇಲೆಯೇ ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಮುಂದೆ ಏನು ಬರುತ್ತದೆ ಎಂದು ಮೊದಲು ಕಂಡವನು ನಾನು ಎಂಬ ನೆಮ್ಮದಿಯಲ್ಲಿ ಅವನು ಹದಿನೈದು ವರ್ಷ ಬದುಕಿದ್ದ.

ಆ ನೆಮ್ಮದಿಗೆ ಕಲ್ಲು ಬಿದ್ದದ್ದು ಮನೆಯವನಿಂದಲೇ. ಅವನ ಷಡ್ಡಕ ಮೆದೆರ್‌ಬೆಕ್‌ನಿಂದ.

ಶಾಯ್ಲೋನ ಹೆಂಡತಿ ಬುರುಲ್ ಅಕ್ಕ, ಮೆದೆರ್‌ನ ಹೆಂಡತಿ ಚಿನಾರಾ ತಂಗಿ. ಮೆದೆರ್ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ. ತೆಳ್ಳಗಿನ ಆಳು, ಇಸ್ತ್ರಿ ಮಾಡಿದ ಅಂಗಿ, ಮೆಲುದನಿ. ಮೇಷ್ಟ್ರ ಸಂಬಳದಲ್ಲಿ ಮನೆ ನಡೆಯುವುದಿಲ್ಲವೆಂದು ಚಿನಾರಾ ಅಕ್ಕನ ಮುಂದೆ ಕಣ್ಣೀರು ಹಾಕಿದಾಗ ಶಾಯ್ಲೋನೇ ಅವನನ್ನು ಬಜಾರಿಗೆ ಕರೆತಂದು, ತನ್ನ ಪಕ್ಕದ ಕಂಟೇನರನ್ನು ಬಾಡಿಗೆಗೆ ಕೊಡಿಸಿ, ಕಾಗದಪತ್ರ ನೋಡಿಕೊಳ್ಳುವ ಕೆಲಸ ಹಚ್ಚಿದ. ಆ ಮೊದಲ ವರ್ಷ ಶಾಯ್ಲೋಗೆ ಷಡ್ಡಕನನ್ನು ಕಂಡರೆ ಬಹಳ ಪ್ರೀತಿಯಿತ್ತು. ತನ್ನ ಆಸರೆಯಲ್ಲಿರುವವರನ್ನು ಪ್ರೀತಿಸುವುದು ಅವನಿಗೆ ಸುಲಭವಾಗಿತ್ತು.

ಎರಡನೆಯ ವರ್ಷ, ಮೆದೆರ್‌ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಚೀನಾದಿಂದ ಪತ್ರ ಬರೆದಳು. ಉರುಮ್ಚಿಯಲ್ಲಿ ಸಂಸಾರ ಹೂಡಿದ್ದ ಅವಳು ಮೇಷ್ಟ್ರಿಗೆ ಅಲ್ಲಿ ಸ್ವಲ್ಪ ಕಾಲ ಓಡಿದ ಎರಡು ಕರೆಂಟು ಕಾರುಗಳನ್ನು ಕೊಡಿಸಿದಳು. ಒಂದು ಬಿಳಿ, ಇನ್ನೊಂದು ತಿಳಿನೀಲಿ. ಎಂಜಿನ್ನೇ ಇಲ್ಲ, ಹೊಗೆ ಕೊಳವೆಯೂ ಇಲ್ಲ. ಶಾಯ್ಲೋ ಸುತ್ತ ಒಂದು ಸುತ್ತು ಬಂದು, ಬೆರಳಿನಿಂದ ಬಾಗಿಲು ತಟ್ಟಿ ನೋಡಿದ.

"ಆಟದ ಸಾಮಾನು ಚೆನ್ನಾಗಿದೆ ಮೆದೆರ್. ಕೀ ಕೊಟ್ಟರೆ ಎಷ್ಟು ದೂರ ಹೋಗುತ್ತೆ?"

"ಬೇಸಿಗೇಲಿ ನಾನೂರು ಕಿಲೋಮೀಟರ್ ಹೋಗುತ್ತೆ ಬಾಯ್ಕೆ. ಚಳೀಲಿ ಮುನ್ನೂರರ ಒಳಗೆ."

"ಜನವರೀಲಿ ಕರೆಂಟ್ ಹೋದರೆ ಏನು ಮಾಡ್ತೀಯಾ? ಅದರ ಕೆಳಗೆ ಒಲೆ ಹಚ್ತೀಯಾ?"

ಸುತ್ತ ನಿಂತವರೆಲ್ಲ ನಕ್ಕರು. ಮೆದೆರ್ ಕೂಡ ನಕ್ಕ. ಆ ಭಾನುವಾರ ಮಧ್ಯಾಹ್ನದೊಳಗೆ ಎರಡೂ ಕಾರು ಮಾರಾಟವಾದವು.

ಮುಂದಿನ ತಿಂಗಳು ಐದು ಬಂದವು, ಅದರ ಮುಂದಿನ ತಿಂಗಳು ಒಂಬತ್ತು. ಕರೆಂಟು ಕಾರಿಗೆ ಸುಂಕದ ರಿಯಾಯಿತಿ ಇದ್ದದ್ದರಿಂದ ಬೆಲೆಯೂ ಕೈಗೆಟುಕುವಂತಿತ್ತು. ಶಾಯ್ಲೋ ಬಳಿ ಗಿರಾಕಿಗಳು ಬರುವುದು ನಿಲ್ಲಲಿಲ್ಲ, ಅವನ ಹೈಬ್ರಿಡ್ಡುಗಳೂ ಹೋಗುತ್ತಿದ್ದವು. ಹೊಟ್ಟೆಗೆ ಕಡಿಮೆಯಾಗಿರಲಿಲ್ಲ. ಆದರೆ ಅವನ ಅಂಗಡಿಗೆ ಬಂದವರ ಕಣ್ಣು ಪಕ್ಕದ ಸಾಲಿನ ಮೇಲಿರುತ್ತಿತ್ತು. "ಹೈಬ್ರಿಡ್ ಸಾಕು ಬಿಡಿ, ಅದನ್ನ ಕೊಳ್ಳೋ ಶಕ್ತಿ ನಮಗೆಲ್ಲಿ" ಅನ್ನುತ್ತಿದ್ದರು. ಒಂದು ಕಾಲದಲ್ಲಿ ಅದೇ ಬಾಯಿಗಳು ಹಳೆಯ ಪೆಟ್ರೋಲ್ ಕಾರಿನ ಮುಂದೆ ನಿಂತು, ಅವನ ಹೈಬ್ರಿಡ್ಡಿನ ಕಡೆ ನೋಡಿ ಅದೇ ಮಾತು ಆಡುತ್ತಿದ್ದವು. ಅವನ ಹೊಟ್ಟೆಯೊಳಗೆ ಕೆಂಡ ಬಿದ್ದದ್ದು ಅಲ್ಲಿ.

ಮೆದೆರ್ ಶಾಲೆಯಿಂದ ಹಳೆಯ ಭೂಪಟವೊಂದನ್ನು ತಂದು ಕಂಟೇನರಿನ ಬಾಗಿಲಿಗೆ ನೇತುಹಾಕಿದ್ದ. ಇನ್ನೂ ಸೋವಿಯತ್ ಒಕ್ಕೂಟವನ್ನೇ ಗುಲಾಬಿ ಬಣ್ಣದಲ್ಲಿ ತೋರಿಸುತ್ತಿದ್ದ, ಮಡಿಕೆಯಲ್ಲಿ ಹರಿದ ಭೂಪಟ. ಅದರ ಮೇಲೆ ಚಿಕ್ಕ ಚಿಕ್ಕ ಕಾಗದ ಅಂಟಿಸಿ, ಯಾವ ದೇಶದಲ್ಲಿ ಎಂಥ ಕಾರು ಎಷ್ಟು ಹೋಗುತ್ತಿದೆ ಎಂದು ಬರೆಯುತ್ತಿದ್ದ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಚಹಾದ ಬಟ್ಟಲು ಹಿಡಿದುಕೊಂಡು ಜನ ಅದರ ಮುಂದೆ ಗುಂಪು ಸೇರುವರು. ಅವನು ಕೋಲು ಹಿಡಿದು ಪಾಠ ಹೇಳುವನು.

"ನಾರ್ವೆ ನೋಡಿ. ನಮಗಿಂತ ಚಳಿ. ಹೋದ ವರ್ಷ ಅಲ್ಲಿ ಮಾರಿದ ಹೊಸ ಕಾರು ಹತ್ತರಲ್ಲಿ ಹತ್ತಿರಹತ್ತಿರ ಒಂಬತ್ತು ಪೂರ್ತಿ ಕರೆಂಟಿನವು. ಈ ಕಡೆ ಚೀನಾ. ಈಗ ಎರಡು ಕಾರಿಗೆ ಒಂದು ಪ್ಲಗ್ ಹಾಕೋದು."

"ಎರಡಕ್ಕೆ ಒಂದಾ ಮೇಷ್ಟ್ರೇ?"

"ಹೌದು. ಅಷ್ಟು ಜನರಿರೋ ದೇಶದಲ್ಲಿ."

ಶಾಯ್ಲೋ ತನ್ನ ಕಂಟೇನರಿನೊಳಗೆ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಕಾರು ಹೋದದ್ದಕ್ಕಿಂತ ಆ ಗುಂಪು ಅವನನ್ನು ಸುಡುತ್ತಿತ್ತು. ಹದಿನೈದು ವರ್ಷ ಜನ ಅವನ ಸುತ್ತ ಹಾಗೆ ನಿಂತಿದ್ದರು. ಈಗ ಅದೇ ಜನ ಇಸ್ತ್ರಿ ಅಂಗಿಯವನ ಮುಂದೆ ಬಾಯಿ ತೆರೆದುಕೊಂಡು ನಿಂತಿದ್ದರು.

ಅವನು ಮನೆಗೆ ಹೋಗಿ ಮಗಳು ಸಾಲ್ತನಾತಳನ್ನು ಕರೆದ. ಅವಳು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದುತ್ತಿದ್ದಳು.

"ಹೈಬ್ರಿಡ್ ಮಾರಾಟ ಎಲ್ಲೆಲ್ಲಿ ಏರ್ತಿದೆ, ಕರೆಂಟು ಕಾರು ಎಲ್ಲೆಲ್ಲಿ ಬಿದ್ದಿದೆ, ಹುಡುಕಿ ಕೊಡು."

ಮಗಳು ಅಪ್ಪನ ಮುಖ ನೋಡಿದಳು. "ನಿಮಗೆ ಬೇಕಾದ ಅಂಕಿ ಮಾತ್ರ ಕೊಡ್ಲಾ ಅಪ್ಪ, ಇಲ್ಲ ಎಲ್ಲಾ ಅಂಕಿ ಕೊಡ್ಲಾ?"

"ಕೇಳಿದಷ್ಟು ಕೊಡು."

ಆಮೇಲೆ ತಿಂಗಳು ತಿಂಗಳು ಅವನು ಬೇರೆಯವರು ಫುಟ್‌ಬಾಲ್ ಫಲಿತಾಂಶಕ್ಕೆ ಕಾಯುವ ಹಾಗೆ ಮಾರಾಟದ ಅಂಕಿಗೆ ಕಾಯತೊಡಗಿದ. ಒಂದು ಭಾನುವಾರ ಗುಂಪಿನ ಹಿಂದೆ ನಿಂತು, ಗಂಟಲು ಸರಿಮಾಡಿಕೊಂಡು, "ಜರ್ಮನಿಯದು ಯಾಕೆ ಬರೆದಿಲ್ಲ ಮೆದೆರ್?" ಎಂದು ಕೇಳಿದ. "ಸರಕಾರ ಸಹಾಯಧನ ನಿಲ್ಲಿಸಿತು. ಮರುವರ್ಷ ಕರೆಂಟು ಕಾರು ನಾಲ್ಕನೇ ಒಂದು ಭಾಗ ಕುಸಿದು ಬಿತ್ತು. ಅಮೆರಿಕದಲ್ಲಿ ಬರೀ ಕರೆಂಟಿನದಕ್ಕಿಂತ ಹೈಬ್ರಿಡ್ಡೇ ಜಾಸ್ತಿ ಹೋಗ್ತಿದೆ. ಜಪಾನಿನಲ್ಲಿ ಕರೆಂಟು ಕಾರು ನೂರಕ್ಕೆ ಎರಡೋ ಮೂರೋ. ಕಾರು ಮಾಡೋದು ಹೇಗೇಂತ ಜಪಾನಿನವರಿಗೆ ಗೊತ್ತಿಲ್ಲ ಅಂತೀಯಾ?"

ಗುಂಪು ಅವನ ಕಡೆ ತಿರುಗಿತು. ಎಷ್ಟೋ ತಿಂಗಳ ಮೇಲೆ ಅವನ ಎದೆ ತಣ್ಣಗಾಯಿತು. ಆದರೆ ಅಷ್ಟರಲ್ಲಿ ಮೆದೆರ್‌ನ ಮುಖ ಅರಳಿತು.

"ಬಾಯ್ಕೆ ಹೇಳಿದ್ದು ಅಕ್ಷರಶಃ ಸರಿ! ನಾನು ಬರೆಯೋಕೆ ಮರೆತಿದ್ದೆ. ಒಂದೇ ಕಡೆಯಿಂದ ನೋಡಿದರೆ ಭೂಗೋಳ ಅರ್ಥ ಆಗಲ್ಲ." ಎಂದವನೇ ಮೂರು ಕಾಗದ ಹರಿದು, ಬರೆದು, ಜರ್ಮನಿ, ಅಮೆರಿಕ, ಜಪಾನುಗಳ ಮೇಲೆ ಅಂಟಿಸಿಬಿಟ್ಟ. ಶಾಯ್ಲೋ ಹುಡುಕಿ ತಂದ ಗೆಲುವೂ ಅವನ ಭೂಪಟದ ಪಾಲಾಯಿತು. ಜನ ಮೆಚ್ಚಿದ್ದು ಮೇಷ್ಟ್ರ ನ್ಯಾಯಬುದ್ಧಿಯನ್ನು.

ಚಹಾದಂಗಡಿ ನಡೆಸುತ್ತಿದ್ದ ತುರ್ಸುನಾಯ್ ಇದನ್ನು ನೋಡಿ, "ಶಾಯ್ಲೋ, ನಿನ್ನ ಮುಖ ಯಾಕೆ ಹುಳಿ ಮೊಸರು ಕುಡಿದ ಹಾಗಿದೆ?" ಎಂದು ಕೇಳಿದಳು. ಎಲ್ಲರೂ ಎಜೆ, ಎಂದರೆ ಅಕ್ಕ, ಎಂದು ಕರೆಯುತ್ತಿದ್ದ ಅರವತ್ತು ದಾಟಿದ ಆ ಹೆಂಗಸಿನ ನಾಲಿಗೆಗೆ ಇಡೀ ಬಜಾರು ಹೆದರುತ್ತಿತ್ತು. ಶಾಯ್ಲೋ ತನ್ನ ಕಂಟೇನರಿನ ಕಡೆ ನಡೆದ.

ಆ ವಸಂತದಲ್ಲಿ ತೊಕ್ಮೋಕಿನಲ್ಲಿ ಅತ್ತೆಯ ಎಪ್ಪತ್ತೈದನೆಯ ಹುಟ್ಟುಹಬ್ಬದ ಔತಣ ನಡೆಯಿತು. ಕುರಿ ಕಡಿದರೆ ಯಾವ ಮಾಂಸ ಯಾರಿಗೆ ಎಂಬುದಕ್ಕೆ ಲೆಕ್ಕವುಂಟು. ತಲೆ ಹಿರಿಯರಿಗೆ, ಎದೆಯ ಮಾಂಸ ಅಳಿಯನಿಗೆ. ಆ ಮನೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಎದೆಯ ತುಂಡು ಹಿರಿಯ ಅಳಿಯ ಶಾಯ್ಲೋನ ತಟ್ಟೆಗೇ ಬರುತ್ತಿತ್ತು. ಅಂದು ಬಡಿಸುವವನು ತಟ್ಟೆ ಎತ್ತಿಕೊಂಡು ಅವನ ಕಡೆ ಬರುತ್ತಿದ್ದಂತೆ ಅತ್ತೆ ಕೈಯಾಡಿಸಿದಳು.

"ಅದು ಈ ಸಲ ಮೆದೆರ್‌ಗಿರಲಿ. ಪಾಪ, ಚಳಿಗಾಲವೆಲ್ಲ ನನ್ನನ್ನ ಆಸ್ಪತ್ರೆಗೆ ಕರಕೊಂಡು ಹೋಗಿ ಬಂದ. ಅವನ ಕಾರಲ್ಲಿ ಸದ್ದೂ ಇಲ್ಲ, ನಾತವೂ ಇಲ್ಲ. ನಂಗೆ ಒಳಗೇ ನಿದ್ದೆ ಬಂದುಬಿಡ್ತಿತ್ತು." ಆಮೇಲೆ ಶಾಯ್ಲೋ ಕಡೆ ತಿರುಗಿ ಅಕ್ಕರೆಯಿಂದಲೇ ಅಂದಳು: "ಬೇಜಾರು ಮಾಡ್ಕೋಬೇಡಪ್ಪ. ನಿನ್ನ ಕಾರಲ್ಲಿ ಪೆಟ್ರೋಲಿನ ವಾಸನೆಗೆ ನಂಗೆ ತಲೆ ಸುತ್ತುತ್ತೆ. ಯಾವತ್ತೂ ಹೇಳಿರಲಿಲ್ಲ ಅಷ್ಟೆ."

"ಅಯ್ಯೋ ಇರ್ಲಿ ಅತ್ತೆ, ಅದರಲ್ಲೇನಿದೆ" ಎಂದ ಶಾಯ್ಲೋ. ಅವನ ತಟ್ಟೆಗೆ ಬೆನ್ನುಮೂಳೆಯ ತುಂಡೊಂದು ಬಂತು. ಮೆದೆರ್ ತನ್ನ ಪಾಲಿನಲ್ಲಿ ಅರ್ಧ ಕೊಯ್ದು ಅವನ ತಟ್ಟೆಗೆ ಹಾಕಲು ಬಂದ. ಶಾಯ್ಲೋ ಕೈ ಅಡ್ಡ ಹಿಡಿದ. ಮನೆಗೆ ಮರಳುವಾಗ ಕಾರಿನಲ್ಲಿ ಬುರುಲ್ ಸುಮ್ಮನೆ ಗಾಳಿಗೆಂದು ಕಿಟಕಿ ಇಳಿಸಿದಳು.

"ವಾಸನೆ ಬರ್ತಿದೆಯಾ ನಿನಗೂ?" ಎಂದು ಅವನು ಹರಿಹಾಯ್ದ.

"ಏನ್ರೀ ಇದು? ಸೆಖೆ ಅಂತ ತೆಗೆದೆ."

"ಇಪ್ಪತ್ತಾರು ವರ್ಷ ಈ ವಾಸನೆಯ ಅನ್ನ ತಿಂದಿದ್ದೀರಿ ಎಲ್ಲರೂ."

ಬುರುಲ್ ಗಂಡನ ಮುಖವನ್ನೊಮ್ಮೆ ನೋಡಿ ಕಿಟಕಿ ಏರಿಸಿದಳು. 

ಬೇಸಿಗೆ ಕಳೆದು ಅಕ್ಟೋಬರ್ ಬರುವ ಹೊತ್ತಿಗೆ ಮೆದೆರ್‌ನ ಸಾಲಿನಲ್ಲಿ ಹದಿನಾಲ್ಕು ಕಾರುಗಳಿದ್ದವು. ಒಂದು ಶನಿವಾರ ತುರ್ಸುನಾಯ್ ಎಜೆಯ ಅಂಗಡಿಯಲ್ಲಿ ಲಗ್ಮಾನ್ ಎಂಬ ಶಾವಿಗೆಯ ಸಾರು ತಿನ್ನುತ್ತ ಕೂತವರು ಮೇಷ್ಟ್ರ ಗುಣಗಾನ ಮಾಡುತ್ತಿದ್ದರು. ಎಷ್ಟು ಪ್ರಾಮಾಣಿಕ, ಚಳಿಗೆ ಎಷ್ಟು ದೂರ ಕಡಿಮೆಯಾಗುತ್ತದೆಂದು ತಾನೇ ಹೇಳಿ ಮಾರುತ್ತಾನೆ, ಹೀಗೆ. ಶಾಯ್ಲೋ ಬಟ್ಟಲಿನಿಂದ ಕಣ್ಣೆತ್ತದೆ ಅಂದ:

"ಹೋದ ಬೇಸಿಗೇಲಿ ಚೀನಾದ ದಕ್ಷಿಣಕ್ಕೆ ದೊಡ್ಡ ಪ್ರವಾಹ ಬಂದಿತ್ತಂತೆ. ಸಾವಿರಾರು ಕಾರು ಮುಳುಗಿದವಂತೆ. ಅವೆಲ್ಲ ಎಲ್ಲಿ ಹೋದವೋ ಯಾರಿಗೆ ಗೊತ್ತು?"

ಇಷ್ಟೇ ಅಂದದ್ದು. ಯಾರ ಹೆಸರನ್ನೂ ಎತ್ತಲಿಲ್ಲ. ಕಣ್ಣು ಮಾತ್ರ ಒಂದು ಗಳಿಗೆ ಕಿಟಕಿಯಾಚೆಯ ಬಿಳಿ, ನೀಲಿ ಕಾರುಗಳ ಕಡೆ ಹೋಗಿ ಬಂತು.  ಬ್ಯಾಟರಿಯ ವಿಷಯದಲ್ಲಿ ಶಾಯ್ಲೋ ಬಾಯ್ಕೆ ಸುಮ್ಮನೆ ಏನೂ ಹೇಳುವವನಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಸಂಜೆಯ ಹೊತ್ತಿಗೆ ಆ ಮಾತು ಬಜಾರಿನ ತುದಿ ಮುಟ್ಟಿತ್ತು, ಮರುದಿನ ಬೆಳಿಗ್ಗೆ ರೂಪ ಬದಲಿಸಿ ವಾಪಸ್ ಬಂತು: ಮೇಷ್ಟ್ರು ನೀರಲ್ಲಿ ಮುಳುಗಿದ ಕಾರುಗಳನ್ನು ತೊಳೆದು ಮಾರುತ್ತಿದ್ದಾನೆ.

ಅಂದು ಮೆದೆರ್‌ನ ಸಾಲಿಗೆ ಯಾರೂ ಕಾಲಿಡಲಿಲ್ಲ. ಕೊಳ್ಳುತ್ತೇವೆಂದು ಒಪ್ಪಿ ಹೋಗಿದ್ದ ಮೂವರು ಫೋನೇ ಎತ್ತಲಿಲ್ಲ. ಮುಂದಿನ ವಾರ, ವಸಂತದಲ್ಲಿ ಕಾರು ಕೊಂಡಿದ್ದ ರೊಟ್ಟಿ ಭಟ್ಟಿಯವನೊಬ್ಬ ಬಂದು ಎಲ್ಲರೆದುರು ಕೂಗಾಡಿದ: "ನನ್ನ ಮಕ್ಕಳನ್ನ ಕೂರಿಸ್ಕೊಂಡು ಓಡಾಡೋ ಕಾರು ಇದು. ಉರಿದು ಹೋದರೆ ನೀನು ಬಂದು ಆರಿಸ್ತೀಯಾ?" ಮೆದೆರ್ ಏನೇನೋ ಕಾಗದ ತೋರಿಸಿದ. ಯಾರೂ ಕಾಗದ ನೋಡಲಿಲ್ಲ. ಭೂಪಟದ ಮುಂದೆ ಒಬ್ಬನೂ ನಿಲ್ಲಲಿಲ್ಲ.

ಶಾಯ್ಲೋ ತನ್ನ ಕಂಟೇನರಿನಿಂದ ಇದನ್ನೆಲ್ಲ ನೋಡಿದ. ತಾನು ಬಯಸಿದ್ದು ಇದನ್ನೇ. ನಾನು ಹೇಳಿದ್ದು ಪ್ರವಾಹದ ವಿಷಯ ಮಾತ್ರ, ಉಳಿದದ್ದನ್ನು ಸೇರಿಸಿದವರು ಬೇರೆಯವರು ಎಂದು ತನಗೆ ತಾನೇ ಹೇಳಿಕೊಂಡ. ರಾತ್ರಿ ಊಟ ಸೇರಿತು, ನಿದ್ದೆಯೂ ಬಂತು. ಅದನ್ನು ಅವನು ಆಮೇಲೆ ನೆನೆಸಿಕೊಂಡು ನಾಚಿಕೆಪಟ್ಟ.

ಮೂರನೆಯ ಶುಕ್ರವಾರ ಮೆದೆರ್ ಅವನ ಬಾಗಿಲಿಗೆ ಬಂದು ನಿಂತ. ಅಂಗಿಯ ಇಸ್ತ್ರಿ ಹಾಗೇ ಇತ್ತು, ಮುಖ ಮಾತ್ರ ಇಳಿದಿತ್ತು.

"ಬಾಯ್ಕೆ, ಒಂದು ಉಪಕಾರ ಆಗಬೇಕು."

"ಹೇಳು."

"ಈ ಬಜಾರಿನಲ್ಲಿ ಬ್ಯಾಟರಿ ವಿಷಯಕ್ಕೆ ಜನ ನಂಬೋದು ಒಬ್ಬರನ್ನೇ, ನಿಮ್ಮನ್ನ. ಭಾನುವಾರ ಎಲ್ಲರೆದುರು ನನ್ನ ಒಂದು ಕಾರಿನ ಬ್ಯಾಟರಿ ಬಿಚ್ಚಿ ನೋಡಿ. ಯಾವ ಕಾರು ಅಂತ ನೀವೇ ಆರಿಸಿ. ಕಂಡದ್ದನ್ನ ಹೇಳಿ. ನೀರು ಕುಡಿದಿದ್ದರೆ ಕುಡಿದಿದೆ ಅನ್ನಿ."

ಶಾಯ್ಲೋ ಅವನ ಕಣ್ಣಲ್ಲಿ ಏನಾದರೂ ಇದೆಯೇ ಎಂದು ಹುಡುಕಿದ. ಏನೂ ಸಿಗಲಿಲ್ಲ. ಇಲ್ಲ ಅನ್ನಲು ನೆಪವೂ ಸಿಗಲಿಲ್ಲ.

ಭಾನುವಾರ ಬೆಳಿಗ್ಗೆ ಇನ್ನೂರು ಜನ ಸೇರಿದ್ದರು. ಶಾಯ್ಲೋ ಸಾಲಿನ ಕೊನೆಯ ನೀಲಿ ಕಾರನ್ನು ತೋರಿಸಿದ. ಅದನ್ನು ಎತ್ತುಯಂತ್ರದ ಮೇಲೆ ಏರಿಸಿದರು. ಅವನು ದಪ್ಪ ರಬ್ಬರ್ ಕೈಗವಸು ತೊಟ್ಟು, ಮೊದಲು ಬ್ಯಾಟರಿಯ ಸಂಪರ್ಕ ಕಿತ್ತು, ಕಾರಿನ ಕೆಳಗೆ ಹೋದ. ಕಾರಿನಡಿಯಲ್ಲಿ ಚಾಪೆ ಹಾಸಿದಂತೆ ಅಷ್ಟಗಲ ಪೆಟ್ಟಿಗೆ. ಅದರ ಅಂಚಿನ ಬೋಲ್ಟ್ ಒಂದರ ತಲೆ ಕೆಂಪಗೆ ತುಕ್ಕು ಹಿಡಿದಿತ್ತು.

"ನೋಡಿ, ತುಕ್ಕು!" ಎಂದು ಮುಂದೆ ನಿಂತ ರೊಟ್ಟಿಯವನು ಕೂಗಿದ. ಗುಂಪು ಗುಜುಗುಜು ಅಂದಿತು.

ಶಾಯ್ಲೋ ಆ ಬೋಲ್ಟಿನ ಮೇಲೆ ಬೆರಳಿಟ್ಟು ನಿಂತ. ಅಲ್ಲಿಗೇ ಕೈ ತೆಗೆದು, ಮುಖ ಸಿಂಡರಿಸಿ, "ಮುಂದೆ ಬಿಚ್ಚೋದು ಬೇಡ" ಅಂದಿದ್ದರೆ ಸಾಕಿತ್ತು. ಸುಳ್ಳು ಕೂಡ ಆಗುತ್ತಿರಲಿಲ್ಲ. ಆ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬೆರಳಿಗೆ ಗೊತ್ತಿತ್ತು. ಚಳಿಗಾಲದಲ್ಲಿ ಮಂಜು ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು ಎಂಥ ತುಕ್ಕು ಹಿಡಿಸುತ್ತದೆ ಎಂದು ಮೂವತ್ತು ವರ್ಷ ಕಾರಿನಡಿ ಮಲಗಿದ ಬೆರಳಿಗೆ ಚೆನ್ನಾಗಿ ಗೊತ್ತಿತ್ತು.

"ಇದು ರಸ್ತೆ ಉಪ್ಪಿನದು" ಎಂದ ಗಟ್ಟಿಯಾಗಿ. "ನಿಮ್ಮ ಕಾರಿನ ಕೆಳಗೂ ಇರುತ್ತೆ. ಒಳಗೆ ನೋಡೋಣ."

ಪೆಟ್ಟಿಗೆ ಇಳಿಸಿ, ಮುಚ್ಚಳ ಬಿಡಿಸಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಮುಚ್ಚಳ ಎದ್ದಾಗ ಅವನು ಬಾಗಿ ನೋಡಿದ. ನೀರು ನಿಂತಿದ್ದರೆ ಮೂಲೆಯಲ್ಲಿ ಕೆಸರಿನ ಗೆರೆ ಇರಬೇಕು, ತಾಮ್ರದ ಪಟ್ಟಿಗಳ ಮೇಲೆ ಹಸಿರು ಪುಡಿ ಇರಬೇಕು. ಧೂಳು ಕೂಡ ಇರಲಿಲ್ಲ. ಒಂದೊಂದು ಜೋಡಣೆಯೂ ಒಬ್ಬನೇ ಮನುಷ್ಯ ಒಂದೇ ಉಸಿರಿನಲ್ಲಿ ಮಾಡಿದಂತೆ ಸಮನಾಗಿತ್ತು. ಎಲ್ಲವೂ ಒಂದಕ್ಕೊಂದು ಅಂಟಿ, ಬೆಸೆದು, ಮುಚ್ಚಿಕೊಂಡಿತ್ತು. ಕಿತ್ತು ಬೇರೆ ಹಾಕಲು ಸಡಿಲ ಬಿಟ್ಟ ಜಾಗವೇ ಇಲ್ಲ. ಇದನ್ನು ಮಾಡಿದವನಿಗೆ ನನ್ನಂಥವನೊಬ್ಬ ಬೇಕಾಗುತ್ತಾನೆ ಎಂಬ ಯೋಚನೆಯೇ ಬಂದಿಲ್ಲ ಎಂದು ಶಾಯ್ಲೋಗೆ ಅನ್ನಿಸಿತು. ಅದುವರೆಗೆ ಷಡ್ಡಕನ ಮೇಲಿದ್ದ ಹೊಟ್ಟೆಕಿಚ್ಚು ಆ ಗಳಿಗೆ ಕಬ್ಬಿಣ ತಾಮ್ರದ ಆ ವಸ್ತುವಿನ ಮೇಲೆಯೇ ತಿರುಗಿ, ಅವನಿಗೆ ಅಳು ಬಂದಂತಾಯಿತು.

"ಒಣಗಿದೆ" ಎಂದ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ: "ಪೂರ್ತಿ ಒಣಗಿದೆ. ಇದು ನೀರೇ ಕಂಡಿಲ್ಲ. ಇಷ್ಟು ಶುದ್ಧವಾದ ಕೆಲಸ ನಾನು ಈ ಬಜಾರಿನಲ್ಲಿ ನೋಡಿಲ್ಲ."

ಜನ ಹೋ ಎಂದರು. ರೊಟ್ಟಿಯವನು ಮೆದೆರ್‌ನ ಕೈ ಹಿಡಿದು ಕುಲುಕಿದ. ಅಷ್ಟರಲ್ಲಿ ಗುಂಪಿನ ನಡುವಿನಿಂದ ತುರ್ಸುನಾಯ್ ಎಜೆಯ ದನಿ ಬಂತು.

"ಅಲ್ವೋ ಶಾಯ್ಲೋ, ಈ ನೀರಿನ ಮಾತನ್ನ ಮೊದ್ಲು ನನ್ನ ಅಂಗಡೀಲಿ ಆಡಿದ್ದು ನೀನೇ ತಾನೆ? ಲಗ್ಮಾನಿನ ಬಟ್ಟಲ ಮುಂದೆ ಕೂತ್ಕೊಂಡು?"

 ಇನ್ನೂರು ಜನರ ಕಣ್ಣು ಅವನ ಮೇಲೆ. ಗುಂಪು ತನ್ನ ಸುತ್ತ ಸೇರಬೇಕೆಂದು ಎಷ್ಟು ತಿಂಗಳಿಂದ ಬಯಸಿದ್ದನೋ, ಆ ಗುಂಪಿನ ನಡುವೆ ಅವನು ರಬ್ಬರ್ ಕೈಗವಸಿನಲ್ಲಿ ಬೆವೆತುಕೊಂಡು ನಿಂತಿದ್ದ. 

"ಎಜೆ, ಬಾಯ್ಕೆ ಹೇಳಿದ್ದು ಪ್ರವಾಹ ಬಂತು ಅಂತ" ಎಂದ ಮೆದೆರ್, ತನ್ನ ಮೆಲುದನಿಯಲ್ಲಿ. "ಪ್ರವಾಹ ಬಂದಿದ್ದು ನಿಜಾನೇ. ಉಳಿದದ್ದು ಜನ ಕಟ್ಟಿದ್ದು. ಬನ್ನಿ, ಎಲ್ಲರಿಗೂ ಚಹಾ ಕೊಡಿ, ಚಳಿ ಆಗ್ತಿದೆ."

ಗುಂಪು ಕರಗಿದ ಮೇಲೆ ಇಬ್ಬರೂ ಪೆಟ್ಟಿಗೆಯ ಮುಚ್ಚಳ ಕೂರಿಸಿದರು. ಶಾಯ್ಲೋ ಬೋಲ್ಟ್ ತಿರುಗಿಸುತ್ತ, ಕಣ್ಣೆತ್ತದೆ ಕೇಳಿದ:

"ನಿನಗೆ ಗೊತ್ತಿತ್ತಾ?"

"ಮೊದಲ ದಿನವೇ ಗೊತ್ತಾಯ್ತು. ಚಿನಾರಾ ನಿಮ್ಮ ಮನೆಗೆ ಬಂದು ಜಗಳ ಆಡ್ತೀನಿ ಅಂತ ಹೊರಟಿದ್ದಳು. ನಾನೇ ತಡೆದೆ."

"ಹಾಗಿದ್ರೆ ನನ್ನನ್ನೇ ಯಾಕೆ ಕರೆದೆ?"

ಮೆದೆರ್ ಮುಚ್ಚಳದ ಅಂಚನ್ನು ಒತ್ತಿ ಹಿಡಿದ. "ಬ್ಯಾಟರಿ ಎದುರಿಗೆ ನೀವು ಸುಳ್ಳು ಹೇಳಲ್ಲ ಅಂತ ಗೊತ್ತಿತ್ತು ಬಾಯ್ಕೆ. ಮನುಷ್ಯರ ವಿಷಯ ಬೇರೆ."

ಅವನ ದನಿಯಲ್ಲಿ ಮೊದಲ ಬಾರಿಗೆ ಒಂದು ಗೀರು ಕೇಳಿಸಿತು. ಶಾಯ್ಲೋಗೆ ಅದು ಬೈಗುಳಕ್ಕಿಂತ ಜೋರಾಗಿ ತಾಗಿತು.

ಆ ವಾರವೆಲ್ಲ ಅವನು ಬಜಾರಿಗೆ ಹೋಗಲಿಲ್ಲ. ಮನೆಯಲ್ಲಿ ಕೂತು ಕೆಟ್ಟಿರದ ನಲ್ಲಿಗಳನ್ನು ರಿಪೇರಿ ಮಾಡಿದ. ಬುರುಲ್‌ಗೆ ತಂಗಿಯಿಂದ ಎಲ್ಲವೂ ತಿಳಿದಿತ್ತು. ಐದನೆಯ ದಿನ ಕೇಳಿದಳು:

"ಕೋಪ ಯಾರ ಮೇಲೆ? ನಿಮ್ಮ ಮೇಲೆ ತಾನೆ?"

"ಅವನ ಮೇಲೆ! ಅಷ್ಟು ಒಳ್ಳೆಯವನಾಗಿರು ಅಂತ ಅವನಿಗೆ ಯಾರು ಹೇಳಿದ್ದು? ಎಲ್ಲರೆದುರು ನಾಲ್ಕು ಬೈದಿದ್ದರೆ ಅಲ್ಲಿಗೆ ಮುಗೀತಿತ್ತು."

"ಹಂಗಾದ್ರೆ ನೀವೇ ಬೈಕೊಳ್ಳಿ. ಎಲ್ಲರೆದುರು ಆಡಿದ್ದನ್ನ ಎಲ್ಲರೆದುರೇ ತಿದ್ದಬೇಕು." ಆಮೇಲೆ ಮೆತ್ತಗೆ ಅಂದಳು: "ಮನೇಲಿ ಇನ್ನು ಬಿಚ್ಚೋಕೆ ನಲ್ಲಿ ಉಳಿದಿಲ್ಲ ಕಣ್ರೀ."

ಶನಿವಾರ ಶಾಯ್ಲೋ ನೇರ ತುರ್ಸುನಾಯ್ ಎಜೆಯ ಅಂಗಡಿಗೆ ಹೋದ. ಊಟದ ಹೊತ್ತು, ಮೇಜುಗಳೆಲ್ಲ ತುಂಬಿದ್ದವು. ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಾಗಿಲ ಬಳಿಯೇ ನಿಂತ.

"ನೀರಿನ ಮಾತು ಆಡಿದ್ದು ನಾನೇ. ಮೆದೆರ್‌ನ ಕಾರಿನ ಬಗ್ಗೆ ನನಗೇನೂ ಗೊತ್ತಿರಲಿಲ್ಲ. ಹೊಟ್ಟೆಕಿಚ್ಚಿಗೆ ಆಡಿದೆ." ಇನ್ನೂ ಏನೋ ಹೇಳಬೇಕೆಂದುಕೊಂಡಿದ್ದ, ಮರೆತುಹೋಯಿತು. "ಅಷ್ಟೆ."

ಯಾರೋ ಕೆಮ್ಮಿದರು. ತುರ್ಸುನಾಯ್ ಎಜೆ ಒಂದು ಬಟ್ಟಲು ಲಗ್ಮಾನ್ ತಂದು ಖಾಲಿ ಜಾಗದ ಮುಂದೆ ಕುಕ್ಕಿ ಇಟ್ಟಳು. "ಕೂತ್ಕೊ. ಆರಿ ಹೋಗುತ್ತೆ."

ಆ ಚಳಿಗಾಲದಲ್ಲಿ ಶಾಯ್ಲೋ ಮಗಳಿಗೆ ಎಲ್ಲಾ ಅಂಕಿಗಳನ್ನೂ ಕೊಡು ಎಂದು ಹೇಳಿದ. ಸಾಲ್ತನಾತ್ ಕಂಪ್ಯೂಟರ್ ತೆರೆದು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದಳು. ಕರೆಂಟು ಕಾರು ಒಂದು ಕಡೆ ಏರುತ್ತದೆ, ಒಂದು ಕಡೆ ತಡೆಯುತ್ತದೆ, ಮತ್ತೆ ಏರುತ್ತದೆ. ಹೈಬ್ರಿಡ್ಡೂ ಏರುತ್ತಿದೆ. ಇಳಿಯುತ್ತಿರುವುದು ಬರೀ ಪೆಟ್ರೋಲಿನದು, ಡೀಸೆಲ್ಲಿನದು. "ಚೀನಾದಲ್ಲಿ ಇನ್ನೊಂದು ಥರದ್ದು ಜೋರಾಗಿ ಬೆಳೀತಿದೆ ನೋಡಿ ಅಪ್ಪ. ದೊಡ್ಡ ಬ್ಯಾಟರಿ, ಪ್ಲಗ್ ಹಾಕಬಹುದು, ಎಂಜಿನ್ನೂ ಇದೆ. ಊರೊಳಗೆ ಕರೆಂಟು, ಕಣಿವೆ ದಾಟುವಾಗ ಪೆಟ್ರೋಲು."

ಶಾಯ್ಲೋ ಆ ಗೆರೆಯನ್ನು ಬಹಳ ಹೊತ್ತು ನೋಡಿದ. "ಅಂದರೆ ಇದೂ ಹೈಬ್ರಿಡ್ಡೇ."

"ಹೌದು. ನಿಮ್ಮದೇ ಜಾತಿ."

ಮಾರ್ಚಿನಲ್ಲಿ ಅವನು ಯಾರಿಗೂ ಹೇಳದೆ ಉರುಮ್ಚಿಗೆ ಹೋಗಿ ಅಂಥದ್ದೊಂದು ಕಡುಹಸಿರು ಕಾರನ್ನು ಆರಿಸಿ ತಂದ. ಬಜಾರಿನಲ್ಲಿ ಯಾರ ಬಳಿಯೂ ಇಲ್ಲದ್ದು. ಭಾನುವಾರ ಬೆಳಿಗ್ಗೆ ಅದನ್ನು ಮಿರಮಿರ ಒರೆಸಿ, ಎಂಜಿನ್ ಆರಿಸಿ, ಬರೀ ಕರೆಂಟಿನಲ್ಲಿ, ಚೂರೂ ಸದ್ದಿಲ್ಲದೆ ಮೆದೆರ್‌ನ ಕಂಟೇನರಿನ ಮುಂದೆ ಸಾಗಿದ. ಮೆದೆರ್ ಯಾರೊಂದಿಗೋ ಮಾತಾಡುತ್ತಿದ್ದ, ನೋಡಲಿಲ್ಲ. ಶಾಯ್ಲೋ ಸುತ್ತು ಹಾಕಿ ಇನ್ನೊಮ್ಮೆ ಬಂದ. ಮೂರನೆಯ ಸಲ ಹಾರ್ನ್ ಹೊಡೆದ.

ಮೆದೆರ್ ತಿರುಗಿ ನೋಡಿದ. ಶಾಯ್ಲೋ ಕಿಟಕಿಯಿಂದ ಅವನ ಮುಖವನ್ನೇ ಹಿಡಿದು ನೋಡುತ್ತಿದ್ದ. ಆ ಕಣ್ಣಲ್ಲಿ ಒಂದೇ ಒಂದು ಕಿಡಿ ಕಂಡರೆ ಸಾಕಿತ್ತು, ಹುಬ್ಬು ಕೊಂಚ ಗಂಟಾದರೂ ಸಾಕಿತ್ತು. ಮೆದೆರ್ ಓಡಿಬಂದ. ಬಾನೆಟ್ ಎತ್ತಿಸಿದ, ಕೆಳಗೆ ಬಗ್ಗಿದ, ಇಸ್ತ್ರಿ ಅಂಗಿಗೆ ಮಣ್ಣಾಯಿತು, ಅದನ್ನೂ ಗಮನಿಸಲಿಲ್ಲ.

"ಅಬ್ಬಾ ಬಾಯ್ಕೆ! ಕಣಿವೆ ಆಚೆಯವರಿಗೆ ನಾನು ಏನು ಮಾರೋದು ಅಂತ ಎರಡು ವರ್ಷದಿಂದ ತಲೆ ಕೆಡಿಸ್ಕೊಂಡಿದ್ದೆ. ಇದು ನನಗೆ ಹೊಳೀಲೇ ಇಲ್ವಲ್ಲ!" ಎಂದವನೇ ಭೂಪಟದ ಮುಂದಿನ ಜನರನ್ನೆಲ್ಲ ಕೈಬೀಸಿ ಕರೆದ. "ಬನ್ರಪ್ಪ ಇಲ್ಲಿ! ನಮ್ಮ ಬಾಯ್ಕೆ ಏನು ತಂದಿದ್ದಾರೆ ನೋಡಿ!"

ಅರ್ಧ ಗಂಟೆಯಲ್ಲಿ ಕಣಿವೆಯಾಚೆಯ ನರೀನಿನ ಪ್ರಾಣಿವೈದ್ಯೆಯೊಬ್ಬಳು ಅದನ್ನು ಕೊಂಡುಕೊಂಡಳು. ಅವಳು ಮೆದೆರ್‌ನ ಗಿರಾಕಿ. ನಿಮ್ಮ ದಾರಿಗೆ ನನ್ನ ಕಾರು ಆಗಿಬರುವುದಿಲ್ಲ, ಇದನ್ನು ತೆಗೆದುಕೊಳ್ಳಿ ಎಂದು ಅವಳಿಗೆ ಹೇಳಿದವನೂ ಅವನೇ. ಇನ್ನೂ ನಾಲ್ವರು ತಮಗೂ ಅಂಥದ್ದೇ ಬೇಕೆಂದು ಹೆಸರು ಬರೆಸಿ ಹೋದರು.

ಸಂಜೆ ಶಾಯ್ಲೋ ಮನೆಗೆ ಬಂದು ಬೂಟು ಬಿಚ್ಚುತ್ತ ಜಗಲಿಯ ಮೇಲೆ ಕೂತ.

"ಮಾರಾಟ ಆಯ್ತಾ?" ಎಂದು ಬುರುಲ್ ಒಳಗಿನಿಂದ ಕೇಳಿದಳು.

"ಆಯ್ತು."

"ಮತ್ತೆ ಯಾಕೆ ಮುಖ ಹಾಗಿದೆ?"

"ಅವನಿಗೆ ಒಂಚೂರೂ ಹೊಟ್ಟೆ ಉರೀಲಿಲ್ಲ ಕಣೇ."

ಬುರುಲ್ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಗಂಡನನ್ನು ನೋಡಿದಳು. ಮೊದಲು ತುಟಿ ಕಚ್ಚಿಕೊಂಡಳು, ಆಮೇಲೆ ತಡೆಯಲಾರದೆ ಗೋಡೆ ಹಿಡಿದುಕೊಂಡು ನಗತೊಡಗಿದಳು. ಶಾಯ್ಲೋ ಒಂದು ಬೂಟು ಕೈಯಲ್ಲಿ ಹಿಡಿದು ಅವಳನ್ನು ದುರುಗುಟ್ಟಿ ನೋಡಿದ. ನೋಡುತ್ತ ನೋಡುತ್ತ ಅವನಿಗೂ ನಗು ಬಂತು.

"ಒಂದು ಚೂರೂ ಉರೀಲಿಲ್ಲ" ಎಂದ ಇನ್ನೊಮ್ಮೆ. "ಮೂರು ಸುತ್ತು ಹಾಕಿದೆ."